ಹುಳುವಿಗೂ ಉಂಟು ಲಸಿಕೆ

ಲಸಿಕೆ ಎಂದೊಡನೆ ನೆನಪಾಗುವುದು ಸಿಡುಬು, ರೇಬೀಸ್, ಪೋಲಿಯೊ. ಇವೆಲ್ಲ ಕಣ್ಣಿಗೆ ಕಾಣದ ವೈರಸ್‌ಗಳ ಕೆಲಸ. ಆದರೆ ಬೆರಳುದ್ದದ ಹುಳುವಿನಿಂದ ಬರುವ ರೋಗವನ್ನು ಲಸಿಕೆಯಿಂದ ತಡೆಯಲಾದೀತೇ? ಆದೀತು ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆ. ಆ ತಂಡದ ವಿಲಿಯಂ ಜಾರೆಟ್ ಆಗಿನ್ನೂ ಇಪ್ಪತ್ತರ ಹರೆಯದ ರೋಗಶಾಸ್ತ್ರಜ್ಞ.

ಪಶ್ಚಿಮ ಸ್ಕಾಟ್ಲೆಂಡ್ ಮಳೆಯ ಸೀಮೆ. ಮೊದಲ ಬಾರಿ ಹುಲ್ಲುಗಾವಲಿಗೆ ಬಿಟ್ಟ ಕರುಗಳು ಬೇಸಿಗೆ ಮುಗಿಯುವ ಹೊತ್ತಿಗೆ ಕೆಮ್ಮಲು ತೊಡಗುತ್ತಿದ್ದವು. ಕತ್ತು ಚಾಚಿ, ನಾಲಿಗೆ ಹೊರಹಾಕಿ, ಉಸಿರಿಗಾಗಿ ಒದ್ದಾಡಿ ಎಷ್ಟೋ ಕರುಗಳು ಸಾಯುತ್ತಿದ್ದವು. ಕಾರಣ ಶ್ವಾಸಕೋಶದ ಹುಳು. ಹುಲ್ಲಿನೊಂದಿಗೆ ಹೊಟ್ಟೆ ಸೇರಿದ ಮರಿ ಕರುಳನ್ನು ಕೊರೆದು ದುಗ್ಧಗ್ರಂಥಿಗೆ ಬಂದು, ಅಲ್ಲಿಂದ ರಕ್ತದ ಮೂಲಕ ಶ್ವಾಸನಾಳ ತಲುಪಿ ಬೆಳೆಯುತ್ತದೆ. ಇದರ ಸಂತತಿ ಸಗಣಿಯಲ್ಲಿ ಹೊರಬೀಳುತ್ತದೆ. ಸಗಣಿಯ ಮೇಲೆ ಬೆಳೆಯುವ ಒಂದು ಶಿಲೀಂಧ್ರ ತನ್ನ ಬೀಜಕಗಳನ್ನು ಫಿರಂಗಿಯಂತೆ ದೂರಕ್ಕೆ ಸಿಡಿಸುತ್ತದಲ್ಲ, ಈ ಮರಿಗಳು ಅದರ ತುದಿಗೆ ಹತ್ತಿ ಕುಳಿತು ಪಕ್ಕದ ಹುಲ್ಲಿಗೆ ಹಾರುತ್ತವೆ! ಬಾಡಿಗೆಯಿಲ್ಲದ ಸವಾರಿ.

ಒಮ್ಮೆ ರೋಗದಿಂದ ಪಾರಾದ ದನಕ್ಕೆ ಅದು ಮತ್ತೆ ತಗಲುವುದು ಅಪರೂಪ. ಅಂದರೆ ದೇಹ ಹುಳುವನ್ನು ಗುರುತಿಟ್ಟುಕೊಳ್ಳುತ್ತದೆ. ಸತ್ತ ಹುಳುವನ್ನು ಅರೆದು ಚುಚ್ಚಿದರೆ ಹೆಚ್ಚಿನ ಉಪಯೋಗವಾಗಲಿಲ್ಲ. ಬದುಕಿದ ಹುಳುವನ್ನೇ ಕೊಟ್ಟರೆ ರೋಗವೇ ಬರುತ್ತದೆ. ಜಾರೆಟ್, ಜೆನ್ನಿಂಗ್ಸ್, ಮೆಕಿಂಟೈರ್, ಮಲ್ಲಿಗನ್, ಅರ್ಕ್‌ಹಾರ್ಟ್ ನಡುವಿನ ದಾರಿ ಹುಡುಕಿದರು. ಮರಿಗಳಿಗೆ ಎಕ್ಸ್ ಕಿರಣ ಹಾಯಿಸಿದರು. ಕಿರಣ ಕಡಿಮೆಯಾದರೆ ಹುಳು ಬಲಿಯುತ್ತಿತ್ತು, ಅತಿಯಾದರೆ ನಿರೋಧಶಕ್ತಿ ಹುಟ್ಟುತ್ತಿರಲಿಲ್ಲ. ಕೊನೆಗೆ 40,000 ರಾಂಟ್‌ಜನ್ ಪ್ರಮಾಣ ಹದಕ್ಕೆ ಬಂತು. ಹೀಗೆ ಸೊರಗಿದ ಮರಿಗಳು ಕರುವಿನ ದೇಹದೊಳಗೆ ಅದೇ ಹಾದಿ ಹಿಡಿಯುತ್ತವೆ, ಆದರೆ ಬಲಿಯುವ ಮೊದಲೇ ಸಾಯುತ್ತವೆ. ಅಷ್ಟರಲ್ಲಿ ದೇಹ ಪಾಠ ಕಲಿತಿರುತ್ತದೆ. ಸೂಜಿಯಿಲ್ಲ, ಸಾವಿರ ಮರಿಗಳಿದ್ದ ದ್ರವವನ್ನು ಬಾಯಿಗೆ ಹುಯ್ಯುವುದು, ನಾಲ್ಕು ವಾರ ಬಿಟ್ಟು ಮತ್ತೊಮ್ಮೆ. 1959ರಲ್ಲಿ ‘ಡಿಕ್ಟಾಲ್’ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು. ಪರೋಪಜೀವಿ ಹುಳುವಿನ ವಿರುದ್ಧ ವ್ಯಾಪಾರಕ್ಕೆ ಬಂದ ಮೊದಲ ಲಸಿಕೆ ಇದು.

ಇನ್ನೇನು, ಎಲ್ಲ ಹುಳುಗಳಿಗೂ ಲಸಿಕೆ ಬಂದೀತು ಎಂಬ ಆಸೆ ಹುಟ್ಟಿತು. ಅದು ಈಡೇರಲಿಲ್ಲ. ನಾಯಿಗಳ ಕೊಕ್ಕೆಹುಳುವಿಗೆ ಇದೇ ಉಪಾಯದ ಲಸಿಕೆ 1970ರ ದಶಕದಲ್ಲಿ ಅಮೆರಿಕದಲ್ಲಿ ಬಂದು ಬೇಗನೆ ಕಣ್ಮರೆಯಾಯಿತು. ಕುರಿಗಳ ಶ್ವಾಸಕೋಶದ ಹುಳುವಿಗೆ ನಮ್ಮ ಕಾಶ್ಮೀರದಲ್ಲಿ ಇಂಥ ಲಸಿಕೆ ತಯಾರಾದದ್ದು ಅಪರೂಪದ ಯಶಸ್ಸು. ಜೀವಂತ ಮರಿಗಳ ಸರಕು ಹೆಚ್ಚು ದಿನ ಬಾಳುವುದಿಲ್ಲ, ತಣ್ಣಗಿಡಬೇಕು, ತಯಾರಿಸಲು ಕರುಗಳಿಗೇ ಹುಳು ಅಂಟಿಸಬೇಕು. 1981ರಲ್ಲಿ ಐವರ್‌ಮೆಕ್ಟಿನ್ ಔಷಧಿ ಬಂದ ಮೇಲಂತೂ ರೈತರು ಲಸಿಕೆಗಿಂತ ಸುಲಭದ ದಾರಿಯನ್ನೇ ಹಿಡಿದರು. ಆ ಸುಲಭಕ್ಕೂ ಬೆಲೆಯಿತ್ತು: ಕುರಿಗಳ ಜಠರದ ಹುಳುಗಳು ಹಲವು ದೇಶಗಳಲ್ಲಿ ಔಷಧಿಗೆ ಜಗ್ಗದಾದವು. ಮತ್ತೆ ಲಸಿಕೆಯತ್ತ ನೋಟ ಹರಿಯಿತು. ರಕ್ತ ಹೀರುವ ಜಠರದ ಹುಳುವಿಗೆ 2014ರಲ್ಲಿ ಆಸ್ಟ್ರೇಲಿಯದಲ್ಲಿ ಬಂದ ಲಸಿಕೆಗೂ ಕುರಿಯ ಹೊಟ್ಟೆಯಿಂದ ಹೆಕ್ಕಿದ ಹುಳುಗಳೇ ಬೇಕು.

ಜಾರೆಟ್ ಮಾತ್ರ ಹುಳುಗಳಲ್ಲೇ ನಿಲ್ಲಲಿಲ್ಲ. 1964ರಲ್ಲಿ ಬೆಕ್ಕುಗಳ ರಕ್ತ ಕ್ಯಾನ್ಸರ್‌ಗೆ ಕಾರಣವಾದ ವೈರಸ್ ಗುರುತಿಸಿದ ತಂಡದಲ್ಲಿದ್ದರು. ಮುಂದೆ ಜರೀಗಿಡ ಮೇಯುವ ದನಗಳ ಕ್ಯಾನ್ಸರ್‌ನಲ್ಲಿ ಪ್ಯಾಪಿಲೋಮ ವೈರಸ್‌ನ ಪಾತ್ರ ಶೋಧಿಸಿದರು. 1980ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಸಂದಿತು. 2011ರಲ್ಲಿ ಅವರು ತೀರಿಕೊಂಡಾಗಲೂ ಬ್ರಿಟನ್ನಿನ ಕರುಗಳಿಗೆ ಅದೇ ಹುಳುವಿನ ಲಸಿಕೆ, ಬೇರೆ ಹೆಸರಿನಲ್ಲಿ, ಸಿಗುತ್ತಿತ್ತು.