ಲೋಹಗಳ ಕೊಡುಕೊಳ್ಳುವಿಕೆ: ಉತ್ಕರ್ಷಣ–ಅಪಕರ್ಷಣ ವಿಚಾರದ ಚರಿತ್ರೆ

ಮೈಲುತುತ್ತದ ನೀಲದ್ರಾವಣದಲ್ಲಿ ಕಬ್ಬಿಣದ ಸಲಾಕೆಯನ್ನು ಅದ್ದಿದರೆ ಅದರ ಮೈಮೇಲೆ ತಾಮ್ರದ ಕೆಂಪು ಲೇಪವು ಮೂಡುವುದೆಂಬ ಸಂಗತಿ ಬಹು ಪ್ರಾಚೀನವಾದುದು. 11ನೆಯ ಶತಮಾನದಲ್ಲಿ, ಸೊಂಗ್ ಅರಸರ ಕಾಲದ ಚೀಣದಲ್ಲಿ, ಈ ಕ್ರಮದಿಂದಲೇ ವಿಪುಲವಾಗಿ ತಾಮ್ರವನ್ನು ತೆಗೆಯುತ್ತಿದ್ದರು. ಅಂದು ಹಂಗೆರಿಗೆ ಸೇರಿದ್ದು ಇಂದು ಸ್ಲೊವಾಕಿಯದಲ್ಲಿರುವ ಹೆರೆನ್‌ಗ್ರುಂಡ್ ಎಂಬಲ್ಲಿಯಾದರೋ, ಗಣಿಯ ನೀರಿನಲ್ಲಿ ಕಬ್ಬಿಣವನ್ನಿರಿಸಿ ಪಡೆದ ತಾಮ್ರದಿಂದ ಪಾನಪಾತ್ರೆಗಳನ್ನು ನಿರ್ಮಿಸಿ, ತಾನು ಹಿಂದೆ ಕಬ್ಬಿಣವಾಗಿದ್ದೆನೆಂದು ಪಾತ್ರೆಯೇ ಸಾರುವಂಥ ಬರಹಗಳನ್ನು ಅವುಗಳ ಮೇಲೆ ಕೊರೆಯುತ್ತಿದ್ದರು. ಒಂದು ಲೋಹವು ಇನ್ನೊಂದಾಗಿ ಮಾರ್ಪಡಬಲ್ಲುದೆಂಬುದಕ್ಕೆ ರಸವಾದಿಗಳಿಗೆ ಇದಕ್ಕಿಂತ ಪ್ರಬಲವಾದ ಪ್ರತ್ಯಕ್ಷಪ್ರಮಾಣವು ಬೇಕಾಗಿರಲಿಲ್ಲ.

ಈ ಭ್ರಾಂತಿಗೆ ಮೊದಲ ಪೆಟ್ಟನ್ನು ಕೊಟ್ಟವರಲ್ಲಿ ಏಂಜೆಲೊ ಸಾಲಾ ಒಬ್ಬನು. 1617ರಲ್ಲಿ ಅವನು ತಾಮ್ರ, ಗಂಧಕಾಮ್ಲ, ನೀರು ಇವುಗಳಿಂದ ಮೈಲುತುತ್ತವನ್ನು ತಾನೇ ರಚಿಸಿ, ದ್ರಾವಣದಿಂದ ಹೊರಬರುವ ತಾಮ್ರವು ಅದರಲ್ಲಿ ಮೊದಲೇ ಅಡಗಿದ್ದುದೆಂಬುದನ್ನು ಸ್ಥಾಪಿಸಿದನು. ಆದರೆ ಅಡಗಿದ್ದುದು ಏಕೆ ಹೊರಬಂದಿತು, ಕಬ್ಬಿಣವು ಅದಕ್ಕಾಗಿ ಏನನ್ನು ತೆತ್ತಿತು ಎಂಬ ಪ್ರಶ್ನೆಗಳು ಹಾಗೆಯೇ ಉಳಿದುವು.

ಉತ್ತರವು ಬಂದುದು ಜರ್ಮನಿಯ ಸ್ಟಾಲನ ಪಂಥದಿಂದ. ಲೋಹವೆಂದರೆ ಭಸ್ಮ ಮತ್ತು ಫ್ಲೋಜಿಸ್ಟನ್ ಎಂಬ ದಹನತತ್ತ್ವ ಇವೆರಡರ ಸಂಯೋಗವೆಂದೂ, ಕಬ್ಬಿಣವು ತನ್ನ ಫ್ಲೋಜಿಸ್ಟನ್ನನ್ನು ತಾಮ್ರಕ್ಕೆ ಧಾರೆಯೆರೆದು ತಾನು ಕರಗುವುದೆಂದೂ ಆ ಪಂಥದವರು ಬಗೆದರು. ಉಪ್ಸಲಾ ನಗರದ ಬರ್ಗ್‌ಮನ್, ಒಂದು ಲೋಹವನ್ನು ದ್ರಾವಣದಿಂದ ಹೊರದೂಡಲು ಇನ್ನೊಂದು ಲೋಹವು ಎಷ್ಟು ತೂಕ ಬೇಕೆಂಬುದನ್ನು ತಕ್ಕಡಿಯಲ್ಲಿಟ್ಟು ಅಳೆದು, ಆ ಅಂಕಿಗಳಿಂದ ಲೋಹಗಳ ಫ್ಲೋಜಿಸ್ಟನ್ ಪ್ರಮಾಣವನ್ನು ಗಣಿಸಿದನು. 1780ರ ದಶಕದಲ್ಲಿ ಲವಾಸಿಯೆ ಅದೇ ಅಂಕಿಗಳನ್ನು ಕೈಗೆತ್ತಿಕೊಂಡು ಅರ್ಥವನ್ನು ತಲೆಕೆಳಗು ಮಾಡಿದನು: ಕಬ್ಬಿಣದಿಂದ ತಾಮ್ರಕ್ಕೆ ಯಾವುದೂ ಹೋಗುತ್ತಿಲ್ಲ, ತಾಮ್ರದೊಡನಿದ್ದ ಆಮ್ಲಜನಕವೇ ಕಬ್ಬಿಣಕ್ಕೆ ಬರುತ್ತಿದೆ. ಒಬ್ಬನ ಶ್ರಮದ ಫಲವು ಪ್ರತಿಪಕ್ಷದ ಸಿದ್ಧಾಂತಕ್ಕೆ ಆಧಾರವಾದ ಈ ಪ್ರಸಂಗವನ್ನು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದುದೆಂದು ನಾನು ಎಣಿಸುತ್ತೇನೆ.

ತೂಕದ ವಿಚಾರದಲ್ಲಿ ಲವಾಸಿಯೆ ಗೆದ್ದನು. ಉತ್ಕರ್ಷಣವು ಆಮ್ಲಜನಕದ ಸೇರ್ಪಡೆಯೆಂದೂ ಅಪಕರ್ಷಣವು ಅದರ ವಿಯೋಗವೆಂದೂ ನೆಲೆಗೊಂಡಿತು. ಆದರೂ ಫ್ಲೋಜಿಸ್ಟನ್ ವಾದವನ್ನು ಬರಿಯ ಪ್ರಮಾದವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಏಕೆಂದರೆ 1897ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ತಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ತರುವಾಯ ಈ ಕ್ರಿಯೆಯನ್ನು ಮತ್ತೆ ಪರಿಶೀಲಿಸಿದಾಗ, ಕಬ್ಬಿಣದ ಪರಮಾಣುವೊಂದು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಉತ್ಕರ್ಷಿತವಾಗುವುದೆಂದೂ, ತಾಮ್ರದ ಅಯಾನು ಅವನ್ನು ಪಡೆದು ಅಪಕರ್ಷಿತವಾಗುವುದೆಂದೂ, ಗಂಧಕಾಮ್ಲದ ಅಂಶವು ಯಾವ ಬದಲಾವಣೆಯನ್ನೂ ಹೊಂದದೆ ದ್ರಾವಣದಲ್ಲಿಯೇ ಉಳಿಯುವುದೆಂದೂ ಸ್ಪಷ್ಟವಾಯಿತು. ಕಬ್ಬಿಣದಿಂದ ತಾಮ್ರದ ಕಡೆಗೆ ಎಂದು ಸ್ಟಾಲನ ಅನುಯಾಯಿಗಳು ಹೇಳಿದ್ದ ದಿಕ್ಕು, ಕೊಡುವುದೂ ಕೊಳ್ಳುವುದೂ ಒಂದೇ ಕ್ರಿಯೆಯ ಎರಡು ಮುಖಗಳೆಂಬ ಅವರ ಗ್ರಹಿಕೆ, ಎರಡೂ ನಿಂತುವು.

ಈ ಎರಡು ಮುಖಗಳನ್ನು ಬೇರೆಬೇರೆಯಾಗಿ ಕಣ್ಣಿಗೆ ಕಾಣಿಸಿದ ಕೀರ್ತಿ ಲಂಡನ್ನಿನ ಡೇನಿಯಲ್‌ಗೆ ಸಲ್ಲಬೇಕು. 1836ರ ಅವನ ವಿದ್ಯುತ್ಕೋಶದಲ್ಲಿ ಸತುವು ಒಂದು ಕಡೆ ಕರಗುತ್ತದೆ, ತಾಮ್ರವು ಇನ್ನೊಂದು ಕಡೆ ಶೇಖರವಾಗುತ್ತದೆ, ನಡುವಣ ವಿನಿಮಯವು ಹೊರಗಿನ ತಂತಿಯಲ್ಲಿ ಪ್ರವಾಹವಾಗಿ ಹರಿಯುತ್ತದೆ. ಲೋಹಗಳ ವಿದ್ಯುತ್‌ಶ್ರೇಣಿಯೂ ಅವು ಆಮ್ಲಜನಕದ ಬಗೆಗೆ ತೋರುವ ಒಲವಿನ ಶ್ರೇಣಿಯೂ ಹೊಂದುವುವೆಂದು ಜರ್ಮನಿಯ ರಿಟರ್ 1798ರಷ್ಟು ಹಿಂದೆಯೇ ಕಂಡುಕೊಂಡಿದ್ದನು. ಆ ಶ್ರೇಣಿಯಲ್ಲಿ ಸತು, ಕಬ್ಬಿಣಗಳಿಗಿಂತ ಕೆಳಗಿರುವ ತಾಮ್ರವು ಬೆಳ್ಳಿಗಿಂತ ಮೇಲಿದೆ. ಆದುದರಿಂದ ಕಬ್ಬಿಣದೆದುರು ಅಪಕರ್ಷಿತವಾದ ಅದೇ ತಾಮ್ರವು ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಉತ್ಕರ್ಷಿತವಾಗಿ, ತನ್ನ ಒಂದೊಂದು ಪರಮಾಣುವಿಗೆ ಎರಡೆರಡರಂತೆ ಬೆಳ್ಳಿಯ ಪರಮಾಣುಗಳನ್ನು ಹೊರಗೆಡಹುತ್ತದೆ.