ಕುಮ್ಕಿಯ ಸೊಪ್ಪು, ತೊಟ್ಟಿಯ ಹುಳು

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಿಗೆ ಗೊಬ್ಬರ ಬರುತ್ತಿದ್ದುದು ಗುಡ್ಡದಿಂದ. ಮದ್ರಾಸ್ ಸರಕಾರದ ಕಾಲದಿಂದಲೂ ಇಲ್ಲಿಯ ಹಳೆಯ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಖಾಸಗಿ ಹಿಡುವಳಿಯ, ಸುತ್ತ 100 ಗಜದೊಳಗಿನ ಸರಕಾರಿ ಜಾಗಕ್ಕೆ ಕುಮ್ಕಿ ಎನ್ನುತ್ತಾರೆ. ಜಾಗ ಸರಕಾರದ್ದು, ಅಲ್ಲಿನ ಸೊಪ್ಪು, ತರಗೆಲೆ, ಬೇಸಾಯಕ್ಕೆ ಬೇಕಾದ ಮರ ಮಾತ್ರ ವರ್ಗದಾರನಿಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಕೂಡ ಈ ಸವಲತ್ತನ್ನು ಉಳಿಸಿಕೊಂಡಿತು.

ಕಡಿದು ತಂದ ಸೊಪ್ಪಿನ ಬಹುಪಾಲು ಮೊದಲು ಹಟ್ಟಿ ಸೇರುತ್ತಿತ್ತು. ದನಗಳ ಕಾಲಡಿಯಲ್ಲಿ ಸೆಗಣಿ, ಗಂಜಲದೊಂದಿಗೆ ತುಳಿಸಿಕೊಂಡು, ಪದರದ ಮೇಲೆ ಪದರವಾಗಿ ಕೊಳೆತು, ಕೊನೆಗೆ ಹೆಡಿಗೆಗಳಲ್ಲಿ ತಲೆಹೊರೆಯಾಗಿ ತೋಟಕ್ಕೆ ಇಳಿಯುತ್ತಿತ್ತು. ಆ ರಾಶಿಯಲ್ಲೂ ಎರೆಹುಳು ಇದ್ದೇ ಇತ್ತು. ಅದನ್ನು ಹುಡುಕುತ್ತಿದ್ದವರು ಗಾಳ ಹಾಕುವ ಹುಡುಗರು ಮಾತ್ರ!

ಗುಡ್ಡಗಳ ಚಹರೆ ಮುಂದೆ ಬದಲಾಯಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳರಿಗಾಗಿ ಸುಳ್ಯ, ಪುತ್ತೂರಿನ ಸುತ್ತ ಸರಕಾರಿ ರಬ್ಬರ್ ತೋಟಗಳು ಎದ್ದವು. ಖಾಸಗಿ ಗುಡ್ಡಗಳಿಗೂ ರಬ್ಬರ್ ಹಬ್ಬಿತು. ಸೊಪ್ಪು ಕಡಿಯುವ ಕೈಗಳೂ ಕಡಿಮೆಯಾದವು. ಆಗ ಕಣ್ಣು ಹೋದದ್ದು ತೋಟದೊಳಗೇ ಬೀಳುವ ಸೋಗೆ, ಹಾಳೆ, ತೆಂಗಿನ ಮಡಲಿನತ್ತ. ಇವು ಬೇಗ ಕೊಳೆಯುವ ಜಾತಿಯವಲ್ಲ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಕಾಳೆ ಮತ್ತು ಸಂಗಡಿಗರು 1980ರ ದಶಕದಲ್ಲೇ ಎರೆಹುಳುಗಳಿಂದ ತ್ಯಾಜ್ಯ ಕರಗಿಸುವ ಅಧ್ಯಯನ ನಡೆಸಿದ್ದರು. ಕರಾವಳಿಗೆ ಹೆಚ್ಚು ಹತ್ತಿರದ ಉತ್ತರ ಬಂದದ್ದು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಿಂದ. ತೆಂಗಿನ ಗರಿಯನ್ನೂ ತಿಂದು ಅರಗಿಸಬಲ್ಲ ಯೂಡ್ರಿಲಸ್ ಜಾತಿಯ ಸ್ಥಳೀಯ ಹುಳು ಅವರಿಗೆ ಸಿಕ್ಕಿತು. ಹತ್ತು ಪಾಲು ಗರಿಗೆ ಒಂದು ಪಾಲು ಸೆಗಣಿ ಸಾಕು ಎಂಬುದು ಅವರ ಲೆಕ್ಕ. ಹಟ್ಟಿಯಲ್ಲಿ ದನ ಕಡಿಮೆಯಾಗುತ್ತಿದ್ದ ಮನೆಗಳಿಗೆ ಇದಕ್ಕಿಂತ ಹಿತವಾದ ಲೆಕ್ಕ ಇನ್ನೇನು ಬೇಕು? 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತ್ತಾದ್ದರಿಂದ ತೋಟದ ಅನುಭವ ತೋಟದಿಂದ ತೋಟಕ್ಕೆ ದಾಟಲು ದಾರಿಯೂ ಇತ್ತು.

ಹಟ್ಟಿಗೊಬ್ಬರಕ್ಕೆ ಇಲ್ಲದ ಒಂದು ಕೆಲಸ ಮಾತ್ರ ಹೊಸದಾಗಿ ಸೇರಿಕೊಂಡಿತು: ಹುಳುಗಳನ್ನು ಉಳಿಸಿಕೊಳ್ಳುವುದು. ಗರಿ, ಸೆಗಣಿ ತುಂಬಿ ಹುಳು ಬಿಟ್ಟ ತೊಟ್ಟಿಯಿಂದ ಗೊಬ್ಬರ ತೆಗೆಯುವ ನಾಲ್ಕೈದು ದಿನ ಮೊದಲು ಅದಕ್ಕೆ ನೀರು ಹಾಕುವುದನ್ನು ನಿಲ್ಲಿಸುತ್ತಾರೆ. ಬಳಿಕ ಗೊಬ್ಬರವನ್ನು ನೆರಳಿನಲ್ಲಿ ಗೋಪುರದಂತೆ ರಾಶಿ ಹಾಕಿದರೆ ಬೆಳಕಿಗೆ ಅಂಜುವ ಹುಳುಗಳು ತಳಕ್ಕೆ ಇಳಿಯುತ್ತವೆ. ಮೇಲಿನಿಂದ ಅಂಗೈಯಲ್ಲಿ ಸವರಿ ತೆಗೆಯುತ್ತ ಹೋದಂತೆ ಅಡಿಯಲ್ಲಿ ಉಳಿಯುವುದು ಹುಳುಗಳ ಮುದ್ದೆ. ಅದು ಮರಳಿ ತೊಟ್ಟಿಗೆ.

ಜರಡಿ ಹಿಡಿದರೂ ನೂಲಿನಂಥ ಮರಿಗಳು, ಸಣ್ಣ ಮೊಟ್ಟೆಗಳು ಗೊಬ್ಬರದ ಜೊತೆಗೇ ಬರುತ್ತವೆ. ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿದರೆ ಅವೆಲ್ಲ ಸತ್ತು ಗೊಬ್ಬರ ನಾರುತ್ತದೆ. ಅವಸರವಿಲ್ಲದವರು ರಾಶಿಗೆ ಒದ್ದೆ ಗೋಣಿ ಹೊದೆಸಿ, ಅಲ್ಲಲ್ಲಿ ಬಿಸಿ ಆರಿದ ಅರೆಕೊಳೆತ ಸೆಗಣಿಯ ಉಂಡೆ ಹುಗಿಯುತ್ತಾರೆ. ಕೆಲವು ದಿನಗಳಲ್ಲಿ ಮರಿಗಳು ಉಂಡೆಗೆ ಮುತ್ತಿಕೊಳ್ಳುತ್ತವೆ, ಉಂಡೆಸಮೇತ ಎತ್ತಿದರಾಯಿತು. ಎರಡು ಮೂರು ವಾರ ಕಳೆದು, ಮೊಟ್ಟೆ ಒಡೆದ ಮೇಲೆ, ಇನ್ನೊಂದು ಸುತ್ತು. ಆಮೇಲೆ ಗಾಳಿಯಾಡುವ ಚೀಲ, ನೆಲದಿಂದ ಎತ್ತರಿಸಿದ ಹಲಗೆ. ಜೂನ್ ಬಂದರೆ ಇಲ್ಲಿ ನೆಲವೇ ನೀರು ಕಾರುತ್ತದೆ.