ಟ್ರಾನ್ಸಿಸ್ಟರಿನ ಗುಣಪರೀಕ್ಷೆ

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ‘ಟ್ರಾನ್ಸಿಸ್ಟರ್’ ಎಂದರೆ ರೇಡಿಯೋ ಎಂದೇ ಅರ್ಥವಾಗಿತ್ತು. ವಾಸ್ತವವಾಗಿ ಅದು ಪೆಟ್ಟಿಗೆಯ ಹೆಸರಲ್ಲ. ಅದರೊಳಗೆ ಕುಳಿತು ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವ ಮೂರು ಕಾಲಿನ ಪುಟ್ಟ ಸಾಧನದ ಹೆಸರು. ಈ ಸಾಧನ ಹುಟ್ಟಿದ ಕಥೆ ಹಲವರಿಗೆ ಗೊತ್ತು. ಅದು ನಂಬಿಕೆಗೆ ಅರ್ಹವಾದುದು ಹೇಗೆಂಬ ಕಥೆಯೂ ಅಷ್ಟೇ ಸ್ವಾರಸ್ಯವಾದುದು.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಪ್ರಯೋಗಾಲಯದಲ್ಲಿ ೧೯೪೭ರ ಡಿಸೆಂಬರ್ ೧೬ರಂದು ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಜರ್ಮೇನಿಯಂ ತುಂಡಿನ ಮೇಲೆ ಚಿನ್ನದ ಎರಡು ಅಂಚುಗಳನ್ನು ಒತ್ತಿ ಹಿಡಿದು ಮೊದಲ ಟ್ರಾನ್ಸಿಸ್ಟರನ್ನು ನಡೆಸಿದರು. ವಾರದ ಬಳಿಕ ಅದರ ಮೂಲಕ ಮಾತನಾಡಿ ಹಿರಿಯರಿಗೆ ಕೇಳಿಸಿದರು. ಸಂಕೇತದ ಶಕ್ತಿ ಸುಮಾರು ೧೮ ಪಟ್ಟು ಹೆಚ್ಚಿತ್ತು. ಆದರೆ ಲೋಹದ ಮೊನೆ ತಾಗುವ ಜಾಗ ತುಸು ಸರಿದರೂ ಸಾಧನದ ಗುಣವೇ ಬದಲಾಗುತ್ತಿತ್ತು. ಅವರ ಸಹೋದ್ಯೋಗಿ ವಿಲಿಯಂ ಶಾಕ್ಲಿ ೧೯೪೮ರ ಜನವರಿಯಲ್ಲಿ ಮೊನೆಗಳ ಹಂಗಿಲ್ಲದ, ಪದರಗಳ ಟ್ರಾನ್ಸಿಸ್ಟರನ್ನು ಕಲ್ಪಿಸಿದರು. ೧೯೫೧ರ ವೇಳೆಗೆ ಅದು ಕೆಲಸಕ್ಕೆ ಬರುವಂತಾಯಿತು. ೧೯೫೬ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು.

ಹಾಗಾದರೆ ಟ್ರಾನ್ಸಿಸ್ಟರಿನ ಗುಣವನ್ನು ಅಳೆಯುವುದು ಹೇಗೆ? ‘ಬೇಸ್’ ಎಂಬ ಕಾಲಿಗೆ ೨೦ ಮೈಕ್ರೋ ಆಂಪಿಯರ್ ಕೊಟ್ಟಾಗ ‘ಕಲೆಕ್ಟರ್’ನಲ್ಲಿ ೨ ಮಿಲಿ ಆಂಪಿಯರ್ ಹರಿದರೆ ಅದರ ಗಳಿಕೆ ೧೦೦. ಬೇಸ್ ಪ್ರವಾಹವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಲ್ಲೂ ಕಲೆಕ್ಟರ್ ವೋಲ್ಟೇಜನ್ನು ಹೆಚ್ಚಿಸಿ ಗೆರೆ ಎಳೆದರೆ ಲಕ್ಷಣರೇಖೆಗಳ ಒಂದು ಗುಂಪು ದೊರೆಯುತ್ತದೆ. ಈ ರೇಖೆಗಳು ಸಮಾನ ಅಂತರದಲ್ಲಿರುವ ಮಧ್ಯಭಾಗದಲ್ಲಿ ಆಂಪ್ಲಿಫೈಯರನ್ನು ನಿಲ್ಲಿಸಬೇಕು; ಅಂಚಿಗೆ ಹೋದರೆ ಧ್ವನಿ ಒಡೆಯುತ್ತದೆ. ೧೯೫೭ರಲ್ಲಿ ಬಂದ ಟೆಕ್ಟ್ರಾನಿಕ್ಸ್ ೫೭೫ ಯಂತ್ರ ಈ ರೇಖೆಗಳನ್ನು ಪರದೆಯ ಮೇಲೆಯೇ ಮೂಡಿಸುತ್ತಿತ್ತು.

ಅಳತೆ ಸುಲಭವಾದರೂ ವ್ಯತ್ಯಾಸ ತಪ್ಪಲಿಲ್ಲ. ಬಿಸಿ ೫೪೭ ಎಂಬ ಚಿರಪರಿಚಿತ ಸಿಲಿಕಾನ್ ಟ್ರಾನ್ಸಿಸ್ಟರನ್ನೇ ನೋಡಿ. ಅದರ ಗಳಿಕೆ ೧೧೦ರಿಂದ ೮೦೦ರವರೆಗೆ ಎಲ್ಲಿಯಾದರೂ ಇರಬಹುದು. ತಯಾರಕರು ಅಳೆದು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ.

ಇದಕ್ಕೆ ಮದ್ದು ಟ್ರಾನ್ಸಿಸ್ಟರಿಗಿಂತ ಹಳೆಯದು. ೧೯೨೭ರ ಆಗಸ್ಟ್ ೨ರಂದು ಬೆಲ್ ಸಂಸ್ಥೆಯ ಹೆರಾಲ್ಡ್ ಬ್ಲ್ಯಾಕ್ ನಾವೆಯಲ್ಲಿ ಹಡ್ಸನ್ ನದಿ ದಾಟುತ್ತಿದ್ದಾಗ, ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಗುರುತು ಹಾಕಿಕೊಂಡರು. ಹೊರಬಂದ ಸಂಕೇತದ ಒಂದು ಪಾಲನ್ನು ವಿರುದ್ಧ ದಿಕ್ಕಿನಲ್ಲಿ ಒಳಕ್ಕೆ ಮರಳಿಸಿದರೆ ಗಳಿಕೆ ತಗ್ಗುತ್ತದೆ, ಆದರೆ ಸ್ಥಿರವಾಗುತ್ತದೆ. ಆಗ ಮಂಡಲದ ಗಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಚಂಚಲವಾದ ಟ್ರಾನ್ಸಿಸ್ಟರ್ ಅಲ್ಲ, ನೆಟ್ಟಗೆ ನಡೆಯುವ ರೆಸಿಸ್ಟರುಗಳು. ರಿಪೇರಿಯವನು ಅದೇ ನಂಬರಿನ ಬೇರೊಂದು ಟ್ರಾನ್ಸಿಸ್ಟರ್ ಹಾಕಿದರೂ ರೇಡಿಯೋ ಮೊದಲಿನಂತೆ ಹಾಡುವುದಕ್ಕೆ ಇಂಥ ಏರ್ಪಾಡೇ ಕಾರಣ.

ಈ ವಿದ್ಯೆ ಬೆಂಗಳೂರಿಗೂ ಬೇಗನೆ ಬಂದಿತು. ೧೯೫೪ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ೧೯೬೨ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಕೈಹಾಕಿತು.

ಇಂದು ಅಗ್ಗದ ಮಲ್ಟಿಮೀಟರಿನಲ್ಲೂ ಗಳಿಕೆ ನೋಡುವ ತೂತುಗಳಿರುವುದುಂಟು. ಮನೆಯ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹವ್ಯಾಸವಿದ್ದರೆ ಒಂದೇ ನಂಬರಿನ ಹತ್ತು ಟ್ರಾನ್ಸಿಸ್ಟರುಗಳನ್ನು ತಂದುಕೊಟ್ಟು ಅಳೆಯಹೇಳಿ. ಮೀಟರು ತೋರಿಸುವುದು ಒಂದು ಸಣ್ಣ ಪ್ರವಾಹದಲ್ಲಿನ ಗಳಿಕೆಯನ್ನು ಮಾತ್ರ, ಪೂರ್ತಿ ಲಕ್ಷಣರೇಖೆಯನ್ನಲ್ಲ. ಆದರೂ ಹತ್ತರ ಅಂಕಿಗಳನ್ನು ಸಾಲಾಗಿ ಬರೆದರೆ, ಬ್ಲ್ಯಾಕ್ ಅವರ ಉಪಾಯ ಏಕೆ ಬೇಕಾಯಿತೆಂಬುದು ಅವರಿಗೇ ತಿಳಿಯುತ್ತದೆ.